ಇಪ್ಪತ್ತೊಂಬತ್ತನೆಯ ನಕ್ಷತ್ರ

ಅಶ್ವಿನಿಯಿಂದ ರೇವತಿಯವರೆಗೆ ನಮ್ಮ ಪಂಚಾಂಗದಲ್ಲಿರುವುದು 27 ನಕ್ಷತ್ರ. ಅಭಿಜಿತ್ತನ್ನೂ ಸೇರಿಸಿಕೊಳ್ಳುವ ಉದಾರಿಗಳಿಗೆ 28. ಇದರಾಚೆಗೆ ಇನ್ನೊಂದುಂಟು. ಅದರ ಉದಯ ಹೋಟೆಲಿನ ಮುಂದೆ ಕಟ್ಟಿದ ಫ್ಲೆಕ್ಸಿನಲ್ಲಿ. ‘ಉಚಿತ’ ಅಂತ ಆಳೆತ್ತರದ ಅಕ್ಷರದಲ್ಲಿ ಬರೆದಿರುತ್ತಾರಲ್ಲ, ಅದರ ಬಲಭುಜದ ಮೇಲೆ ಸೊಳ್ಳೆ ಕೂತ ಹಾಗೆ ಕೂತಿರುತ್ತದೆ. ಕೈ ಬೀಸಿದರೂ ಹಾರುವುದಿಲ್ಲ. ಈ ನಕ್ಷತ್ರಕ್ಕೆ ಅಧಿದೇವತೆ ಮ್ಯಾನೇಜರು. ಇದರಲ್ಲಿ ಊಟಕ್ಕೆ ಕೂತವರ ಜಾತಕದಲ್ಲಿ ಹನ್ನೆರಡನೆಯ ಮನೆ, ಅಂದರೆ ವ್ಯಯಸ್ಥಾನ, ವಿಪರೀತ ಬಲವಾಗಿರುತ್ತದೆ.

ನನಗೆ ಮೊದಲಿಂದಲೂ ಹೋಟೆಲ್ ಬೋರ್ಡು ಓದುವ ಚಟ. ತಿಂಡಿ ಬರುವವರೆಗೆ ಮಾಡುವುದೇನು, ಹೇಳಿ. ಹಿಂದಿನ ಬೋರ್ಡುಗಳಲ್ಲಿ ಸಂಕೋಚವೆಂಬುದೇ ಇರುತ್ತಿರಲಿಲ್ಲ. ‘ತಟ್ಟೆಯಲ್ಲಿ ಕೈ ತೊಳೆಯಬಾರದು’, ‘ಇಲ್ಲಿ ತಲೆ ಬಾಚಬಾರದು’, ‘ತಿಂಡಿ ಮುಗಿದ ಮೇಲೆ ಕುಳಿತು ಹರಟಬಾರದು’. ಕನ್ನಡಿ ನೇತುಹಾಕಿ ಅದರ ಮೇಲೆಯೇ ತಲೆ ಬಾಚಬೇಡಿ ಅನ್ನುವುದು ಒಂದು ಬಗೆಯ ಕ್ರೌರ್ಯವೇ. ಆದರೂ ಹೇಳುವುದನ್ನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಬೆಂಗಳೂರಿನ ಎಂಟಿಆರ್‌ನವರಿಗೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಗೊತ್ತುಮಾಡಿದ ದರದಲ್ಲಿ ತಿಂಡಿ ಮಾರುವುದು ಕಟ್ಟಲಿಲ್ಲ. ಆಗ ಅವರು ಕೈಹಾಕಿದ್ದು ಮಿಕ್ಸ್ ಪೊಟ್ಟಣಗಳಿಗೆ. ಅದಕ್ಕೆ ಮೊದಲು ಆಯಾ ದಿನದ ನಷ್ಟ ಎಷ್ಟೆಂದು ಬಾಗಿಲಲ್ಲೇ ಬರೆದು ಹಾಕುತ್ತಿದ್ದರು ಅಂತ ಹಳಬರು ಈಗಲೂ ಹೇಳುತ್ತಾರೆ. ಗಿರಾಕಿಗೆ ತನ್ನ ನಷ್ಟ ತೋರಿಸುವ ಹೋಟೆಲು! ಈಗಿನವರು ನಮ್ಮ ಲಾಭವನ್ನು ತೋರಿಸುತ್ತಾರೆ, ಬಿಲ್ಲಿನ ಕೊನೆಯಲ್ಲಿ: ‘ಇಂದು ನೀವು ಉಳಿಸಿದ್ದು 212 ರೂಪಾಯಿ’. ಆ 212 ಎಲ್ಲಿದೆ ಅಂತ ಜೇಬು ತಡಕಿದವರೆಷ್ಟು ಜನವೋ.

ಹಾಗಂತ ಹಳಬರೆಲ್ಲ ಹರಿಶ್ಚಂದ್ರರೂ ಅಲ್ಲ. ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿಗಿಂತ ಚತುರವಾದ ಆಫರನ್ನು ಇವತ್ತಿನ ಯಾವ ಎಂಬಿಎ ಹುಡುಗನೂ ಬರೆದಿಲ್ಲ. ಉದ್ರಿ ಇಲ್ಲ ಅಂದಿಲ್ಲ ನೋಡಿ, ಖಂಡಿತ ಇದೆ, ನಾಳೆ. ಒಂದು ಕಾಲಕ್ಕೆ ಮನೆ ಬಾಗಿಲಲ್ಲಿ ‘ನಾಳೆ ಬಾ’ ಅಂತ ಬರೆದು ದೆವ್ವವನ್ನೇ ದಿನಾ ವಾಪಸ್ಸು ಕಳಿಸಿದ ಜನ ನಾವು. ಓದು ಬಂದ ದೆವ್ವ, ಪಾಪ, ಬರೆದದ್ದಕ್ಕೆ ಮರ್ಯಾದೆ ಕೊಟ್ಟು ಹೋಗುತ್ತಿತ್ತು. ಆ ದೆವ್ವದ ಸ್ವಭಾವ ನಮ್ಮಲ್ಲೂ ಇದೆ ಅನ್ನುವುದು ನನ್ನ ಗುಮಾನಿ. ಆ ವಿಷಯಕ್ಕೆ ಆಮೇಲೆ ಬರೋಣ.

ಈಗ ಫ್ಲೆಕ್ಸು. ಅದರಲ್ಲಿ ಅತಿ ಹೆಚ್ಚು ದುಡಿಯುವ ಪದ ‘ವರೆಗೆ’. 50 ಪರ್ಸೆಂಟ್ ವರೆಗೆ ರಿಯಾಯಿತಿ. ಸೊನ್ನೆಯಿಂದ ಹಿಡಿದು ಐವತ್ತರವರೆಗೆ ಎಲ್ಲ ಸಂಖ್ಯೆಗಳೂ ಅದರ ಹೊಟ್ಟೆಯೊಳಗೆ ಹಾಯಾಗಿ ಮಲಗಿರುತ್ತವೆ. ಒಂದು ತೆಗೆದುಕೊಂಡರೆ ಒಂದು ಉಚಿತ ಅಂದರೆ ಹೆಚ್ಚು ಬೆಲೆಯದಕ್ಕೆ ಬಿಲ್ಲು, ಕಡಿಮೆ ಬೆಲೆಯದು ಪುಕ್ಕಟೆ. ಅದೂ ಸೋಮವಾರದಿಂದ ಗುರುವಾರ, ಅದೂ ಅಲ್ಲೇ ಕೂತು ತಿಂದರೆ, ಅದೂ ಬೇರೆ ಯಾವ ಆಫರಿನ ಜೊತೆಗೂ ಸೇರಿಸದಿದ್ದರೆ. ಮೊಬೈಲಿನಲ್ಲಿ ಊಟ ತರಿಸಿದರೆ ಇನ್ನೂ ಚೆಂದ. ಅರ್ಧ ಬೆಲೆ ಅಂದವರು ಗರಿಷ್ಠ ನೂರು ರೂಪಾಯಿ ಅನ್ನುತ್ತಾರೆ. ಅಷ್ಟಕ್ಕೆ ಕನಿಷ್ಠ ಮುನ್ನೂರರದಾದರೂ ತರಿಸಬೇಕು. ಒಬ್ಬನಿಗೆ ಮುನ್ನೂರರದು ಮುಗಿಯದು ಅಂತ ಮನೆಯವರಿಗೆಲ್ಲ ಹೇಳಬೇಕು. ಕೊನೆಗೆ ಪ್ಯಾಕಿಂಗು, ಡೆಲಿವರಿ, ಜಿಎಸ್‌ಟಿ, ಪ್ಲಾಟ್‌ಫಾರ್ಮ್ ಫೀ. ಈ ಕೊನೆಯದು 2023ರಲ್ಲಿ ಎರಡು ರೂಪಾಯಿಯಿಂದ ಅಂಬೆಗಾಲಿಟ್ಟು ಶುರುವಾಗಿ, ಎರಡು ವರ್ಷ ತುಂಬುವುದರೊಳಗೆ ಎರಡಂಕಿ ಮುಟ್ಟಿತು. ಪ್ಲಾಟ್‌ಫಾರ್ಮ್ ಟಿಕೆಟ್ಟು ತೆಗೆದರೆ ರೈಲನ್ನಾದರೂ ನೋಡಬಹುದಿತ್ತು.

ಇದಕ್ಕೆಲ್ಲ ಕಾನೂನಿಲ್ಲವೇ ಅಂದರೆ, ಇದೆ, ಬೇಕಾದಷ್ಟಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಹುಟ್ಟಿದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ದೊಡ್ಡ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು, ಅದೇ ಫಾಂಟಿನಲ್ಲಿರಬೇಕು, ಎದ್ದು ಕಾಣುವ ಜಾಗದಲ್ಲಿರಬೇಕು ಅಂತ ಅದರಲ್ಲಿದೆ. ತಲುಪಿಸುವ, ಹೋಗಿ ತರುವ ಖರ್ಚಿನಂಥ ತಪ್ಪದ ಖರ್ಚು ಬಿಟ್ಟು ಬೇರೆ ಕಾಸು ಕೇಳುವುದಾದರೆ ಉಚಿತ ಅನ್ನಬಾರದು. ಆ ಬೆಲೆಗೆ ಕೊಡುವ ಸರಕೇ ಇಲ್ಲದೆ ಗಾಳ ಹಾಕಬಾರದು. ಓದಿ ನನಗೆ ಹೊಟ್ಟೆ ತುಂಬಿತು. ನಮ್ಮ ಮೈಸೂರಿನ ರಿಂಗ್ ರೋಡಿನಲ್ಲಿ ಒಮ್ಮೆ ಸುತ್ತು ಹಾಕಿ ನೋಡಿ: ‘ಭರ್ಜರಿ ಬಾಡೂಟ’ ಕನ್ನಡದಲ್ಲಿ, ‘ಟಿ ಆ್ಯಂಡ್ ಸಿ ಅಪ್ಲೈ’ ಇಂಗ್ಲಿಷಿನಲ್ಲಿ. ಆಸೆ ಹುಟ್ಟಿಸಲು ತಾಯ್ನುಡಿ, ಕೈಯೆತ್ತಲು ಪರಭಾಷೆ. ಫಾಂಟು ಒಂದೇ ಇರಬಹುದು, ಗಾತ್ರದಲ್ಲಿ ಮಾತ್ರ ಮುತ್ತಜ್ಜನಿಗೂ ಮರಿಮೊಮ್ಮಗನಿಗೂ ಇರುವಷ್ಟು ಅಂತರ.

ನಮ್ಮ ಮಾವನವರ ಹುಟ್ಟುಹಬ್ಬದ ಸಂಗತಿ ಹೇಳಬೇಕೆಂದು ಶುರುಮಾಡಿದೆ, ಎಲ್ಲೆಲ್ಲೋ ಹೋದೆ. ಮಾವನವರು ಹುಣಸೂರಿನ ಕಡೆಯವರು, ನಿವೃತ್ತ ಹೆಡ್‌ಮಾಸ್ತರು. ಮೊನ್ನೆ ಕಾರ್ತಿಕ ಬಹುಳ ಬಿದಿಗೆ, ರೋಹಿಣಿ ನಕ್ಷತ್ರದ ದಿನ ಅವರಿಗೆ 75 ತುಂಬಿತು. ಅದೇ ಹೊತ್ತಿಗೆ ಊರಿನ ಹೊಸ ರೆಸ್ಟೋರೆಂಟೊಂದು ‘ಹುಟ್ಟುಹಬ್ಬದವರಿಗೆ ಬಫೆ ಉಚಿತ’ ಅಂತ ಫ್ಲೆಕ್ಸು ಕಟ್ಟಿತ್ತು. ಭುಜದ ಮೇಲೆ ಆ ನಕ್ಷತ್ರ ಇದ್ದೇ ಇತ್ತು. ನನ್ನ ಹೆಂಡತಿ ಎಲ್ಲವನ್ನೂ ಓದಿಕೊಂಡು ಬಂದಿದ್ದಳು. ನಾಲ್ಕು ಜನ ಪೂರ್ತಿ ದುಡ್ಡು ಕೊಟ್ಟರೆ ಐದನೆಯವರಿಗೆ ಉಚಿತ, ವಾರಾಂತ್ಯ ಇಲ್ಲ, ಮುಂಚೆಯೇ ಫೋನ್ ಮಾಡಿರಬೇಕು, ಗುರುತಿನ ಚೀಟಿ ತರಬೇಕು. ನಾವು, ಮಗ, ಅತ್ತೆ ಮಾವ, ಒಟ್ಟು ಐದು. ವಾರ ಮಂಗಳವಾರ. ಫೋನ್ ಮಾಡಿ ಆಗಿತ್ತು. ಆಧಾರ್ ಮಾವನವರ ಅಂಗಿ ಜೇಬಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಭದ್ರ. ಇಷ್ಟು ಕೋಟೆ ಕಟ್ಟಿಕೊಂಡು ನಾವು ಹೊರಟದ್ದು.

ಬಾಗಿಲಲ್ಲಿ ಒಬ್ಬ ಹುಡುಗ ಆಧಾರ್ ತೆಗೆದುಕೊಂಡು ನೋಡಿದ, ಮಾವನವರನ್ನು ನೋಡಿದ, ಮತ್ತೆ ಆಧಾರ್ ನೋಡಿದ.

“ಸರ್, ಇವರ ಬರ್ತ್‌ಡೇ ಜೂನ್ ಒಂದಕ್ಕೇ ಆಗಿದೆಯಲ್ಲ?”

ಈ ಜೂನ್ ಒಂದರ ಮಹಿಮೆ ಕನ್ನಡ ಶಾಲೆಯಲ್ಲಿ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಲೆ ತೆರೆಯುವುದು ಜೂನ್‌ನಲ್ಲಿ. ಮಗುವಿನ ಕೈ ಹಿಡಿದು ಬಂದ ಅಪ್ಪನಿಗೆ ಗೊತ್ತಿರುತ್ತಿದ್ದದ್ದು ‘ದೊಡ್ಡ ಮಳೆ ಬಂದ ವರ್ಷ, ರಾಗಿ ಕುಯ್ಲಿನ ಮುಂಚೆ’ ಎಂಬಷ್ಟು. ಹೆಡ್‌ಮಾಸ್ತರು ಮಗುವಿನ ಹಲ್ಲು, ಎತ್ತರ ಎಲ್ಲ ಅಂದಾಜು ಮಾಡಿ, ವಯಸ್ಸಿಗೆ ಸರಿಹೊಂದುವ ಇಸವಿ ಹಾಕಿ, ಅದರ ಹಿಂದೆ 1-6 ಅಂತ ಬರೆದುಬಿಡುತ್ತಿದ್ದರು. ಮಾವನವರಿಗೂ ಹಾಗೇ ಯಾರೋ ಬರೆದರು. ಮುಂದೆ ತಾವೇ ಹೆಡ್‌ಮಾಸ್ತರಾದ ಮೇಲೆ ಮಾವನವರೂ ನೂರಾರು ಮಕ್ಕಳನ್ನು ಜೂನ್ ಒಂದರಂದು ಹುಟ್ಟಿಸಿದರು.

“ಅದು ಮೇಷ್ಟ್ರು ಬರ್ಕೊಂಡಿದ್ದು ಕಣಪ್ಪಾ,” ಅಂದರು ಮಾವನವರು ಸಮಾಧಾನವಾಗಿ. “ನಮ್ಮವ್ವ ಹೆತ್ತಿದ್ದು ಇವತ್ತು.”

“ಸಿಸ್ಟಮ್ ತಗೊಳಲ್ಲ ಸರ್.”

“ಪಂಚಾಂಗ ತೋರಿಸ್ಲಾ?”

ಹುಡುಗನಿಗೂ ನಗು ಬಂತು, ಪಾಪ ಒಳ್ಳೆಯವನೇ. “ಹೋಗ್ಲಿ ಬಿಡಪ್ಪ, ಜೂನ್ ಒಂದಕ್ಕೇ ಬರ್ತೀವಿ,” ಅಂದರು ಮಾವನವರು. ಆಗ ಅವನು ದನಿ ತಗ್ಗಿಸಿ ಹೇಳಿದ: “ಜೂನ್ ಒಂದಕ್ಕೆ ಈ ಆಫರ್ ಇರಲ್ಲ ಸರ್.” ಆ ಹೋಟೆಲಿನ ಹಿಂದೆ ಯಾರೋ ನಮ್ಮ ನಾಡಿನ ಶಿಕ್ಷಣದ ಇತಿಹಾಸ ಬಲ್ಲವರಿದ್ದಾರೆ ಅಂತ ನನಗೆ ಅವತ್ತೇ ಖಾತ್ರಿಯಾಯಿತು.

ಅಲ್ಲಿಂದಲೇ ತಿರುಗಿ ಬರಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ಹೇಗೆ ಬರುವುದು? ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಮಗ ಆಗಲೇ ಒಳಗೆ ಹೋಗಿ ಐಸ್‌ಕ್ರೀಮಿನ ಬಗೆಗಳನ್ನು ಎಣಿಸುತ್ತಿದ್ದ. ಆಫರು ಮಾಡುವ ಕೆಲಸ ಅಲ್ಲಿಗೆ ಮುಗಿದಿತ್ತು. ನಮ್ಮನ್ನು ಮನೆಯಿಂದ ಎಬ್ಬಿಸಿ, ಇಸ್ತ್ರಿ ಬಟ್ಟೆ ಹಾಕಿಸಿ, ಕುರ್ಚಿಯವರೆಗೆ ತಂದು ಬಿಡುವುದಷ್ಟೇ ಅದರ ಜವಾಬ್ದಾರಿ.

ಕೂತ ಕೂಡಲೇ ಮೊದಲ ಬಾಣ: “ನೀರು ರೆಗ್ಯುಲರಾ, ಬಾಟಲ್ಲಾ ಸರ್?” ಕೇಳುವ ಆ ರಾಗದಲ್ಲೇ ಎಲ್ಲ ಇದೆ. ‘ರೆಗ್ಯುಲರ್’ ಅನ್ನುವಾಗ ದನಿ ಪಾತಾಳಕ್ಕೆ ಇಳಿಯುತ್ತದೆ, ‘ಬಾಟಲ್’ ಅನ್ನುವಾಗ ಮುಖ ಅರಳುತ್ತದೆ. ಅತ್ತೆ ಮಾವನ ಮುಂದೆ, ಅವರ ಹುಟ್ಟುಹಬ್ಬದ ದಿನ, ಅಳಿಯನಾದವನು ನಲ್ಲಿ ನೀರು ಕೊಡಿ ಅನ್ನುವುದುಂಟೇ! ಮೂರು ಬಾಟಲ್ ಬಂತು, ಒಂದಕ್ಕೆ 60 ರೂಪಾಯಿ. ಬಾಟಲಿಯ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ತೆಗೆದುಕೊಳ್ಳಬಹುದು, ಏಕೆಂದರೆ ಹೋಟೆಲಿನವರು ಬರೀ ನೀರು ಮಾರುತ್ತಿಲ್ಲ, ಜೊತೆಗೆ ಸೇವೆಯೂ ಇದೆ ಅಂತ ಸುಪ್ರೀಂ ಕೋರ್ಟೇ 2017ರ ಡಿಸೆಂಬರ್‌ನಲ್ಲಿ ಒಪ್ಪಿದೆ. ಸೇವೆ ಅಂದರೆ ಮುಚ್ಚಳ ತಿರುಗಿಸಿ ಕೊಡುವುದು. ಅದನ್ನು ಆತ ಶ್ರದ್ಧೆಯಿಂದಲೇ ಮಾಡಿದ.

ಊಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಾವನವರು ಪನ್ನೀರನ್ನು ಬದಿಗೆ ಸರಿಸಿ ಅನ್ನ ಮೊಸರು ಎಲ್ಲಿದೆ ಅಂತ ಹುಡುಕಿಕೊಂಡು ಹೋದರು. ತಟ್ಟೆಗೆ 799 ರೂಪಾಯಿ ಕೊಟ್ಟ ಕಡೆ ಅವರು ಉಂಡದ್ದು ಒಂದು ಸೌಟು ಮೊಸರನ್ನ, ಒಂದು ಜಾಮೂನು. ಬಫೆ ನಡೆಯುವುದೇ ಇಂಥ ಪುಣ್ಯಾತ್ಮರಿಂದ. ಅಷ್ಟರಲ್ಲಿ ದೀಪ ಮಂಕಾಯಿತು. ಆರೇಳು ಹುಡುಗರು ಚಪ್ಪಾಳೆ ತಟ್ಟುತ್ತಾ, ಅಂಗೈಯಗಲದ ಕೇಕಿನ ಮೇಲೆ ಒಂದು ಮೇಣದಬತ್ತಿ ಹಚ್ಚಿಕೊಂಡು, ಹ್ಯಾಪಿ ಬರ್ತ್‌ಡೇ ಹಾಡುತ್ತಾ ಬಂದರು. ಸಿಸ್ಟಮ್ ಒಪ್ಪದ ಹುಟ್ಟುಹಬ್ಬವನ್ನು ಅಡುಗೆಮನೆ ಒಪ್ಪಿಕೊಂಡಿತ್ತು. ಇಡೀ ಹಾಲು ತಿರುಗಿ ನೋಡಿತು. ಮಾವನವರು ಎದ್ದು ನಿಂತು, ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷರ ಗತ್ತಿನಲ್ಲಿ ನಾಲ್ಕೂ ದಿಕ್ಕಿಗೆ ಕೈ ಮುಗಿದರು. ದೀಪ ಆರಿಸಬಾರದು ಅಂತ ಅತ್ತೆ ಮೇಣದಬತ್ತಿಯನ್ನು ಹಾಗೇ ಉರಿಯಲು ಬಿಟ್ಟರು.

ಆಮೇಲೆ ಬಿಲ್ಲು. ಐದು ಬಫೆ 3,995. ನೀರು 180. ಸರ್ವಿಸ್ ಚಾರ್ಜ್ ನೂರಕ್ಕೆ ಹತ್ತರಂತೆ 417.50. ಇವೆಲ್ಲದರ ಒಟ್ಟಿನ ಮೇಲೆ ಜಿಎಸ್‌ಟಿ ನೂರಕ್ಕೆ ಐದು, 229.63. ಎಲ್ಲ ಸೇರಿ 4,822. ಜಿಎಸ್‌ಟಿ ಬಗ್ಗೆ ತಕರಾರಿಲ್ಲ, ಅದು ಸರ್ಕಾರಕ್ಕೆ. ಈ ಸರ್ವಿಸ್ ಚಾರ್ಜ್ ಹೋಗುವುದು ಸರ್ಕಾರಕ್ಕಲ್ಲ, ಹೋಟೆಲಿನ ಗಲ್ಲಾಪೆಟ್ಟಿಗೆಗೆ. ಎರಡೂ ಒಂದರ ಕೆಳಗೊಂದು ಅಕ್ಕತಂಗಿಯರ ಹಾಗೆ ಕೂತಿರುವುದರಿಂದ ಎರಡೂ ತೆರಿಗೆ ಅಂತಲೇ ಬಹಳ ಜನ ಕಟ್ಟುತ್ತಾರೆ. ಇದನ್ನು ಬಿಲ್ಲಿಗೆ ತಾನಾಗಿ ಸೇರಿಸುವ ಹಾಗಿಲ್ಲ, ಬೇರೆ ಹೆಸರಿಟ್ಟೂ ವಸೂಲು ಮಾಡುವ ಹಾಗಿಲ್ಲ, ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಅಂತ ಅದೇ ಪ್ರಾಧಿಕಾರ 2022ರ ಜುಲೈ 4ರಂದು ಹೇಳಿತು. ಹೋಟೆಲ್ ಸಂಘದವರು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆ ತಂದರು. 2025ರ ಮಾರ್ಚ್ 28ರಂದು ಅದೇ ಕೋರ್ಟು ಪ್ರಾಧಿಕಾರದ ಮಾತನ್ನು ಎತ್ತಿಹಿಡಿಯಿತು. ಇಷ್ಟನ್ನೂ ನಾನು ಬಾಯಿಪಾಠ ಮಾಡಿಕೊಂಡಿದ್ದೆ. ದೂರು ಕೊಡುವ ನಂಬರು 1915 ಅನ್ನುವುದೂ ನಾಲಗೆಯ ತುದಿಯಲ್ಲಿತ್ತು. ಗಂಟಲು ಸರಿಮಾಡಿಕೊಂಡೆ. ಮೇಜಿನ ಕೆಳಗೆ ಹೆಂಡತಿಯ ಕಾಲು ನನ್ನ ಕಾಲನ್ನು ಒತ್ತಿತು.

“ರೀ, ಸುಮ್ನಿರಿ. ಹಾಡು ಬೇರೆ ಹೇಳಿದಾರೆ.”

ನೋಡಿ, ಇಲ್ಲಿದೆ ಗುಟ್ಟು. ಸಣ್ಣಕ್ಷರವನ್ನು ನಾವು ಓದುವುದಿಲ್ಲ ಅಂತ ಎಲ್ಲರೂ ದೂರುತ್ತಾರೆ. ನಾವು ಓದಿದ್ದೆವು, ಕನ್ನಡಕ ಹಾಕಿಕೊಂಡೇ ಓದಿದ್ದೆವು. ಓದಿದ ಮೇಲೂ ಬಾಯಿ ಬಿಡುವುದಿಲ್ಲ ಅನ್ನುವ ನಂಬಿಕೆಯ ಮೇಲೆ ಆ ವ್ಯಾಪಾರ ನಿಂತಿದೆ. ಸಂತೆಯಲ್ಲಿ ಎರಡು ರೂಪಾಯಿಯ ಕೊತ್ತಂಬರಿಗೆ ಗಂಟೆಗಟ್ಟಲೆ ಚೌಕಾಸಿ ಮಾಡುವ ನಾವು, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಕೂತ ಕೂಡಲೇ ದೊಡ್ಡ ಮನುಷ್ಯರಾಗಿಬಿಡುತ್ತೇವೆ. ಬಿಲ್ಲನ್ನು ಸಾಲು ಸಾಲಾಗಿ ಓದುವವನು ಜುಗ್ಗ. ಪಕ್ಕದ ಮೇಜಿನವರು ನೋಡುತ್ತಾರೆ. ಬಡಿಸಿದ ಹುಡುಗನ ಮುಖ ಸಪ್ಪಗಾಗುತ್ತದೆ. ಉಂಡ ಮನೆಯಲ್ಲಿ ಜಗಳವಾಡಬಾರದು ಅಂತ ಅಜ್ಜಿ ಹೇಳಿದ್ದು ನೆನಪಾಗುತ್ತದೆ. ಅಜ್ಜಿ ಹೇಳಿದ್ದು ದುಡ್ಡು ತೆಗೆದುಕೊಳ್ಳದ ಮನೆಯ ವಿಷಯ ಅನ್ನುವುದು ಆ ಹೊತ್ತಿಗೆ ಹೊಳೆಯುವುದಿಲ್ಲ. ಬಾಗಿಲ ಮೇಲಿನ ‘ನಾಳೆ ಬಾ’ ಓದಿ ಒಂದು ಮಾತೂ ಆಡದೆ ವಾಪಸ್ಸಾಗುತ್ತಿದ್ದ ಆ ದೆವ್ವ ನಮ್ಮ ದಾಯಾದಿ ಅಂತ ನಾನು ಅಂದದ್ದು ಇದಕ್ಕೇ.

ಆದ್ದರಿಂದಲೇ ತಮಿಳುನಾಡಿನ ವಿಳುಪ್ಪುರದ ಒಬ್ಬ ಗಿರಾಕಿಗೆ ನಾನು ಮನಸ್ಸಿನಲ್ಲೇ ಸಾಷ್ಟಾಂಗ ನಮಸ್ಕರಿಸುತ್ತೇನೆ. ಸಂಬಂಧಿಕರೊಬ್ಬರ ಪುಣ್ಯತಿಥಿಗೆ ಅಂತ ಆತ 25 ಊಟ ಪಾರ್ಸಲ್ ಕಟ್ಟಿಸಿದ. ತೆಗೆದು ನೋಡಿದರೆ ಒಂದರಲ್ಲೂ ಉಪ್ಪಿನಕಾಯಿ ಇಲ್ಲ. ಪೊಟ್ಟಣಕ್ಕೆ ಒಂದು ರೂಪಾಯಿಯಂತೆ 25 ರೂಪಾಯಿ ವಾಪಸ್ಸು ಕೊಡಿ ಅಂದ. ಕೊಡಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋದ. 2024ರಲ್ಲಿ ಆಯೋಗ ಹೋಟೆಲಿನವರಿಗೆ 35,025 ರೂಪಾಯಿ ಕೊಡಲು ಹೇಳಿತು. ಮೂವತ್ತೈದು ಸಾವಿರ ಪರಿಹಾರ ಮತ್ತು ಖರ್ಚಿಗೆ, ಉಳಿದ ಇಪ್ಪತ್ತೈದು ಉಪ್ಪಿನಕಾಯಿಗೆ. ಆ 25ನ್ನು ಬಿಡದೆ ಸೇರಿಸಿದರಲ್ಲ, ಅದೇ ನನಗೆ ಹಿಡಿಸಿದ್ದು. ನಾನಾಗಿದ್ದರೆ ಎದುರಿನ ಅಂಗಡಿಯಲ್ಲಿ ಉಪ್ಪಿನಕಾಯಿ ತೆಗೆದುಕೊಂಡು, ರಾತ್ರಿ ಮನೆಯಲ್ಲಿ ಹೆಂಡತಿಯ ಮುಂದೆ ಹೋಟೆಲಿನವರನ್ನು ಬೈಯುತ್ತಿದ್ದೆ.

ನಮ್ಮ ಸಂಕೋಚದ ಆಳ ಅಳೆಯಬೇಕಾದರೆ ‘ಅನ್‌ಲಿಮಿಟೆಡ್ ಊಟ’ದ ಹೋಟೆಲಿಗೆ ಹೋಗಬೇಕು. ಅಲ್ಲಿ ಅನ್ನ, ಸಾರು, ಮಜ್ಜಿಗೆ ಅನ್‌ಲಿಮಿಟೆಡ್. ಪೂರಿ ಎರಡು, ಪಲ್ಯ ಎರಡು ಸಲ, ಹೋಳಿಗೆ ಒಂದೇ. ಎರಡನೆಯ ಹೋಳಿಗೆ ಬೇಕೆನ್ನಿಸುವ ಹೊತ್ತಿಗೆ ಬಡಿಸುವವನು ಮಾಯವಾಗುತ್ತಾನೆ, ಅನ್ನದ ಬಕೆಟ್ಟಿನವನು ಮಾತ್ರ ಮತ್ತೆ ಮತ್ತೆ ಪ್ರತ್ಯಕ್ಷನಾಗುತ್ತಾನೆ. ಅಗ್ಗದ್ದಕ್ಕೆ ಮಿತಿ ಇಲ್ಲ, ದುಬಾರಿಯದ್ದಕ್ಕೆ ಇದೆ, ಇಷ್ಟೇ ಸೂತ್ರ. ಈ ಸೂತ್ರ ಮರೆತ ಅಮೆರಿಕದ ರೆಡ್ ಲಾಬ್‌ಸ್ಟರ್ ಎಂಬ ದೊಡ್ಡ ಹೋಟೆಲ್ ಕಂಪನಿ 2003ರಲ್ಲಿ ಎಷ್ಟು ಬೇಕಾದರೂ ಏಡಿ ತಿನ್ನಿ ಅಂದು ಕೈಸುಟ್ಟುಕೊಂಡಿತ್ತು. 2023ರಲ್ಲಿ ಮತ್ತೆ 20 ಡಾಲರಿಗೆ ಎಷ್ಟು ಬೇಕಾದರೂ ಸೀಗಡಿ ಅಂತ ಕಾಯಂ ಆಫರ್ ಇಟ್ಟಿತು. ಒಂದೇ ತ್ರೈಮಾಸಿಕದಲ್ಲಿ ಒಂದು ಕೋಟಿ ಡಾಲರಿಗೂ ಮೇಲ್ಪಟ್ಟು ನಷ್ಟ. 2024ರ ಮೇನಲ್ಲಿ ದಿವಾಳಿ ಅರ್ಜಿ. ಬೇರೆ ಕಾರಣಗಳೂ ಇದ್ದವು ಬಿಡಿ. ಆದರೆ ಅಲ್ಲಿನ ಗಿರಾಕಿಗಳಿಗೆ ‘ಇನ್ನೊಂದ್ ತಟ್ಟೆ’ ಅನ್ನಲು ನಾಚಿಕೆ ಇರಲಿಲ್ಲ ಅನ್ನುವುದಂತೂ ಖಚಿತ. ನಮ್ಮ ಉಡುಪಿ ಹೋಟೆಲಿನ ಒಬ್ಬ ಬಡಿಸುವವನನ್ನು ಅಲ್ಲಿಗೆ ಕಳಿಸಿದ್ದರೆ, ಸೀಗಡಿ ಬೇಕೆಂದಾಗ ಅವನು ಅನ್ನದ ಬಕೆಟ್ ಹಿಡಿದು ಬಂದು ಕಂಪನಿಯನ್ನು ಉಳಿಸುತ್ತಿದ್ದ.

ಷರತ್ತನ್ನು ಮುಚ್ಚಿಡದೆ ಇಟ್ಟರೂ ಕೆಲವೊಮ್ಮೆ ಫಜೀತಿಯಾಗುವುದುಂಟು. 2023ರ ಜೂನ್‌ನಲ್ಲಿ ತೆಲಂಗಾಣದ ಕರೀಂನಗರದಲ್ಲಿ ಒಂದು ಹೋಟೆಲಿನವರು ಒಂದು ರೂಪಾಯಿಗೆ ಬಿರಿಯಾನಿ ಅಂದರು. ಷರತ್ತು ಏನೆಂದರೆ ನಾಣ್ಯ ನಡೆಯುವುದಿಲ್ಲ, ಒಂದು ರೂಪಾಯಿ ನೋಟೇ ಆಗಬೇಕು. ರಿಸರ್ವ್ ಬ್ಯಾಂಕ್ ಗವರ್ನರ ಬದಲು ಹಣಕಾಸು ಕಾರ್ಯದರ್ಶಿಯ ಸಹಿ ಇರುವ ಆ ನೋಟನ್ನು ಈಗ ಕಂಡವರಾರು! ಹತ್ತಿಪ್ಪತ್ತು ಜನ ಬಂದಾರು ಅಂದುಕೊಂಡಿರಬೇಕು. ಬೀರುವಿನಲ್ಲಿ, ಪುಸ್ತಕದ ಹಾಳೆಗಳ ನಡುವೆ, ದೇವರ ಹುಂಡಿಯಲ್ಲಿ ಅಡಗಿದ್ದ ನೋಟುಗಳೆಲ್ಲ ಎದ್ದು ಬಂದವು. ಜನ ನುಗ್ಗಿ ಹೋಟೆಲ್ ಬಾಗಿಲು ಹಾಕಬೇಕಾಯಿತು. ರಸ್ತೆಯಲ್ಲಿ ಅಡ್ಡಾದಿಡ್ಡಿ ನಿಲ್ಲಿಸಿದ ಗಾಡಿಗಳಿಗೆ ಪೊಲೀಸರು ದಂಡ ಹಾಕಿದರು. ಒಂದು ರೂಪಾಯಿ ಬಿರಿಯಾನಿಗೆ ಹೋಗಿ ನೂರಾರು ರೂಪಾಯಿ ದಂಡ ಕಟ್ಟಿ ಬಂದವರನ್ನು ನೆನೆದರೆ ನಮ್ಮ 4,822 ಅಂಥ ನೋವು ಕೊಡುವುದಿಲ್ಲ.

ಷರತ್ತು ಸರಳವಾಗಿದ್ದು, ನಕ್ಷತ್ರವಿಲ್ಲದೆ, ಹೇಳಿದ್ದನ್ನು ಹೇಳಿದಂತೆಯೇ ಕೊಟ್ಟ ಆಫರೂ ಒಂದಿದೆ. 2024ರ ಏಪ್ರಿಲ್ 26ರಂದು ಬೆಂಗಳೂರಿನಲ್ಲಿ ಲೋಕಸಭೆಗೆ ಮತದಾನ. ಓಟು ಹಾಕಿ ಬಂದವರಿಗೆ ತಿಂಡಿ ಉಚಿತ, ಇಲ್ಲವೇ ರಿಯಾಯಿತಿ ಅಂತ ಕೆಲವು ಹೋಟೆಲಿನವರು ಹೊರಟರು. ಇದು ಆಮಿಷವಾಗದೇ ಅಂತ ಪ್ರಶ್ನೆ ಎದ್ದು, ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿನವರೆಗೆ ಹೋಗಿ ಅಪ್ಪಣೆ ತಂದಿತು. ಆಧಾರ್ ಬೇಡ, ಬುಕಿಂಗ್ ಬೇಡ, ಎಡಗೈ ತೋರುಬೆರಳು ಎತ್ತಿ ತೋರಿಸಿದರೆ ಸಾಕು. ಆ ಅಳಿಸದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆಯಲ್ಲಿ. 1962ರಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತದೆ. ಬೆಂಗಳೂರಿನವರು ಉಚಿತ ದೋಸೆ ತಿಂದದ್ದು ನಮ್ಮೂರಿನ ಶಾಯಿಯಿಂದ ಅಂತ ನಾವು ಇಲ್ಲಿ ಕೂತು ಮೀಸೆ ತಿರುವಿದ್ದೂ ಉಂಟು.

ನನ್ನ ಭಾವಮೈದ ಬೆಂಗಳೂರಿನಲ್ಲೇ ಇರುವುದು. ಅವತ್ತು ಬೆಳಿಗ್ಗೆ ಓಟು ಹಾಕಿ, ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಬೆರಳು ತೋರಿಸಿ, ಬೆಣ್ಣೆ ದೋಸೆ ತಿಂದ. ಆಮೇಲೆ ದುಡ್ಡು ಕೊಟ್ಟು ಎರಡು ಕಾಫಿ ಕುಡಿದ. ಬಡಿಸಿದ ಹುಡುಗನಿಗೆ ಐವತ್ತು ರೂಪಾಯಿ ಕೊಟ್ಟ. ಹೊರಡುವ ಮುಂಚೆ ಅರ್ಧ ಕೆಜಿ ಮೈಸೂರು ಪಾಕು ಕಟ್ಟಿಸಿಕೊಂಡ. ರಾತ್ರಿ ಫೋನಿನಲ್ಲಿ ಇದನ್ನೆಲ್ಲ ವರದಿ ಮಾಡಿದಾಗ ನನ್ನ ಹೆಂಡತಿ ಕೇಳಿದಳು: “ಅಲ್ವೋ, ಉಚಿತ ದೋಸೆಗೆ ಇಷ್ಟೆಲ್ಲ ಯಾಕೆ ಖರ್ಚು ಮಾಡ್ದೆ?”

“ಸುಮ್ನೆ ತಿಂದು ಎದ್ದು ಬರೋಕೆ ಒಂಥರಾ ಆಯ್ತು ಕಣಕ್ಕಾ,” ಅಂದ.